ಜಡೆ ಹೆಣಿಗೆಯ ಟೊಪ್ಪಿ, ಕೌಲ್: ಅಕ್ರಿಲಿಕ್ಕೋ ಉಣ್ಣೆಯೋ?

ಅಕ್ಕನ ಮಗಳು ಜನವರಿಯಲ್ಲಿ ಮನಾಲಿಗೆ ಹೊರಟಿದ್ದಳು. "ಚಿಕ್ಕಮ್ಮ, ಟೊಪ್ಪಿ, ಕೌಲ್ ಎರಡನ್ನೂ ಒಂದೇ ಡಿಸೈನಲ್ಲಿ ಹೆಣೆದುಕೊಡು" ಅಂದಳು. ಕೌಲ್ ಅಂದರೆ ತುದಿಗಳೇ ಇಲ್ಲದ ಮಫ್ಲರ್, ತಲೆಯ ಮೇಲಿಂದ ಇಳಿಸಿ ಕುತ್ತಿಗೆಗೆ ಹಾಕಿಕೊಳ್ಳುವುದು. ನಾನಿರುವುದು ಪುಣೆಯ ಕೋಥ್ರೂಡಿನಲ್ಲಿ. ಇಲ್ಲಿ ನಾನು ಹೋಗುವ ಅಂಗಡಿಯಲ್ಲಿ ಉಲ್ಲನ್ ಕೇಳಿದರೆ ಮೊದಲು ಕೈಗೆ ಕೊಡುವುದು ಅಕ್ರಿಲಿಕ್, ಅಂದರೆ ಉಣ್ಣೆಯಂತೆ ಕಾಣುವ ಕೃತಕ ನೂಲು. ಅದರಲ್ಲೇ ಒಂದು ಜೊತೆ ಮುಗಿಸಿದೆ. ಮನಸ್ಸಿಗೆ ಒಪ್ಪಲಿಲ್ಲ. ಮೆರಿನೋ ಕುರಿಯ ಉಣ್ಣೆ ತರಿಸಿ ಅದೇ ಲೆಕ್ಕದಲ್ಲಿ ಇನ್ನೊಂದು ಜೊತೆ ಹೆಣೆದೆ.

ಲೆಕ್ಕ ಹೀಗಿತ್ತು. 4.5 ಮಿ.ಮೀ. ಕಡ್ಡಿ, ಆರು ಸ್ಟಿಚ್ಚಿನ ಜಡೆ, ಪಕ್ಕದಲ್ಲಿ ಎರಡು ಉಲ್ಟಾ ಸ್ಟಿಚ್ (ಪರ್ಲ್). ಟೊಪ್ಪಿಗೆ 104 ಸ್ಟಿಚ್, ಕೌಲ್‌ಗೆ 144. ಜಾಸ್ತಿ ಅನ್ನಿಸಬಹುದು, ಆದರೆ ಜಡೆ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಸಾದಾ ಹೆಣಿಗೆಯ ಲೆಕ್ಕ ಹಿಡಿದರೆ ಟೊಪ್ಪಿ ತಲೆಗೆ ಇಳಿಯುವುದೇ ಇಲ್ಲ. ಮೂರು ಸ್ಟಿಚ್ಚನ್ನು ಇನ್ನೊಂದು ಚಿಕ್ಕ ಕಡ್ಡಿಗೆ ತೆಗೆದು ಮುಂದೆ ಬಿಟ್ಟು, ನಂತರದ ಮೂರನ್ನು ಮೊದಲು ಹೆಣೆದರೆ ಜಡೆ ಎಡಕ್ಕೆ ತಿರುಗುತ್ತದೆ. ಹಿಂದೆ ಬಿಟ್ಟರೆ ಬಲಕ್ಕೆ. ಆರು ಸಾಲಿಗೊಮ್ಮೆ ಇಷ್ಟೇ ಕೆಲಸ.

ಇಲ್ಲೇ ಮೊದಲ ವ್ಯತ್ಯಾಸ ಗೊತ್ತಾಯಿತು. ಅಕ್ರಿಲಿಕ್ ಸ್ಟೀಲ್ ಕಡ್ಡಿಯ ಮೇಲೆ ಜಾರುತ್ತದೆ. ಬದಿಗಿಟ್ಟ ಮೂರು ಸ್ಟಿಚ್ ಎರಡು ಸಲ ಕಳಚಿಬಿದ್ದವು, ಬಿದಿರಿನ ಕಡ್ಡಿ ಹಿಡಿದ ಮೇಲೆ ಸರಿಹೋಯಿತು. ಉಣ್ಣೆಯ ಎಳೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಕೊನೆಕೊನೆಗೆ ಆ ಚಿಕ್ಕ ಕಡ್ಡಿಯನ್ನೇ ಬಿಟ್ಟು ಬೆರಳಿನಲ್ಲಿ ಹಿಡಿದೇ ತಿರುಗಿಸಿದೆ.

ನಿಜವಾದ ಫಲಿತಾಂಶ ತೊಳೆದ ಮೇಲೆ. ಉಣ್ಣೆ ಟೊಪ್ಪಿಯನ್ನು ತಣ್ಣೀರಲ್ಲಿ ನೆನೆಸಿ, ಹಿಂಡದೆ ಟವೆಲಲ್ಲಿ ಸುತ್ತಿ ಒತ್ತಿ, ಬೋರಲು ಹಾಕಿದ ಸ್ಟೀಲ್ ಬೋಗುಣಿಯ ಮೇಲೆ ಒಣಗಿಸಿದೆ. ಮರುದಿನ ನೋಡಿದರೆ ಏರುಪೇರಿದ್ದ ಸ್ಟಿಚ್ಚೆಲ್ಲ ಒಂದೇ ಸಮ, ಜಡೆಗಳು ಆಗಷ್ಟೇ ಹೆಣೆದ ಹಾಗೆ ಎದ್ದು ನಿಂತಿದ್ದವು. ಮುಟ್ಟಿ ಮುಟ್ಟಿ ನೋಡಿದೆ. ಅಕ್ರಿಲಿಕ್ ತೊಳೆದರೂ ಹಾಗೇ ಇತ್ತು, ನನ್ನ ಕೈ ಬಿಗಿಯಾದ ಕಡೆ ಬಿಗಿ, ಸಡಿಲಾದ ಕಡೆ ಸಡಿಲು. ಅದರದೇ ಒಂದು ಮಾದರಿ ತುಂಡಿಗೆ ಹಬೆ ಇಸ್ತ್ರಿ ಒತ್ತಿದೆ. ಜಡೆ ಚಪ್ಪಟೆಯಾಗಿ ಮಲಗಿತು, ಮತ್ತೆ ಏಳಲೇ ಇಲ್ಲ. ದಯವಿಟ್ಟು ಟೊಪ್ಪಿಗೆ ಹಾಗೆ ಮಾಡಬೇಡಿ.

ಡಿಸೆಂಬರಿನಲ್ಲಿ ತಳಜಾಯಿ ಬೆಟ್ಟಕ್ಕೆ ಬೆಳಗಿನ ವಾಕಿಂಗಿಗೆ ಎರಡನ್ನೂ ಹಾಕಿ ನೋಡಿದೆ. ಪುಣೆಯ ಚಳಿಗೆ ಅಕ್ರಿಲಿಕ್ ಟೊಪ್ಪಿ ಧಾರಾಳ ಸಾಕು. ತೊಂದರೆ ಕೌಲಿನದು. ಬಾಯಿಯವರೆಗೆ ಎಳೆದುಕೊಂಡು ಏರು ಹತ್ತಿದರೆ ಉಸಿರಿನ ತೇವ ಅಲ್ಲೇ ನಿಂತು ಗಲ್ಲಕ್ಕೆ ತಣ್ಣಗೆ ಅಂಟುತ್ತದೆ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ, ಅಕ್ರಿಲಿಕ್ ಹೀರುವುದೇ ಕಡಿಮೆ. ಮನಾಲಿಯಿಂದ ಬಂದವಳೂ ಅದನ್ನೇ ಹೇಳಿದಳು, ಮೊದಲ ದಿನದ ನಂತರ ಅಕ್ರಿಲಿಕ್ ಕೌಲ್ ಬ್ಯಾಗಿನಿಂದ ಹೊರಗೇ ಬರಲಿಲ್ಲವಂತೆ. ಟೊಪ್ಪಿಯ ಅಂಚೂ ಹಿಗ್ಗಿ ಕಿವಿಯಿಂದ ಮೇಲೇರುತ್ತಿತ್ತಂತೆ. ಉಣ್ಣೆಯದು ಎಳೆದು ಬಿಟ್ಟರೆ ಮತ್ತೆ ಮೊದಲಿನ ಅಳತೆಗೆ ಬರುತ್ತದೆ.

ಆದರೆ ಉಣ್ಣೆ ನನಗೆ ಮೂರು ಪಟ್ಟು ದುಬಾರಿ ಬಿತ್ತು. ಬಿಸಿನೀರು, ವಾಷಿಂಗ್ ಮಷೀನ್ ಎರಡೂ ಆಗದು, ಕುಗ್ಗಿ ಗಟ್ಟಿಯಾಗುತ್ತದೆ. ನುಸಿ ತಿನ್ನದ ಹಾಗೆ ತೊಳೆದು ಒಣಗಿಸಿ ಮುಚ್ಚಿಡಬೇಕು. ಶಾಲೆಗೆ ಹೋಗುವ ಮಕ್ಕಳಿಗೆ, ದಿನಾ ಒಗೆಯುವ ಟೊಪ್ಪಿಗೆ ನಾನು ಅಕ್ರಿಲಿಕ್ಕನ್ನೇ ಹಿಡಿಯುತ್ತೇನೆ. ಹಿಮದ ಊರಿಗಾದರೆ ಎರಡೂ ಉಣ್ಣೆಯದೇ ಇರಲಿ. ದುಡ್ಡು ಒಂದಕ್ಕೇ ಸಾಕಾಗುವಂತಿದ್ದರೆ ಉಣ್ಣೆಯನ್ನು ಕೌಲಿಗೆ ಹಾಕಿ, ಟೊಪ್ಪಿಗೆ ಅದೇ ಬಣ್ಣದ ಅಕ್ರಿಲಿಕ್ ಹುಡುಕಿ, ಅಂಚನ್ನು ಮಾತ್ರ ಒಂದು ಸೈಜ್ ಚಿಕ್ಕ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆಯಿರಿ.