ವಿವಿಧ ಭಾರತಿ: ಮೂವತ್ತು ವರ್ಷ ಕೇಳಿದವಳ ಅನಿಸಿಕೆ

ಮದುವೆಯಾಗಿ ಧಾರವಾಡದಿಂದ ಮುಂಬಯಿಯ ಬೊರಿವಲಿಗೆ ಬಂದದ್ದು 1994ರಲ್ಲಿ. ಈ ಮನೆಯಲ್ಲಿ ಒಲೆ ಹಚ್ಚುವ ಮೊದಲು ರೇಡಿಯೊ ಹಚ್ಚುತ್ತಾರೆ. ಹಚ್ಚುವುದು ಆಕಾಶವಾಣಿಯ ಹಿಂದಿ ಸಿನಿಮಾ ಹಾಡುಗಳ ಸೇವೆ ವಿವಿಧ ಭಾರತಿಯನ್ನು. ಬೆಳಿಗ್ಗೆ ಆರೂವರೆಗೆ ಹಳೆಯ ಹಾಡುಗಳ 'ಭೂಲೇ ಬಿಸ್ರೇ ಗೀತ್' ಶುರುವಾಯಿತೆಂದರೆ ಕಣಕ ನಾದಬೇಕು, ಏಳೂವರೆಗೆ 'ಸಂಗೀತ್ ಸರಿತಾ' ಬರುವಷ್ಟರಲ್ಲಿ ಡಬ್ಬಿ ಕಟ್ಟಿ ಆಗಿರಬೇಕು. ಅಡುಗೆಮನೆಗೆ ಬೇರೆ ಗಡಿಯಾರವೇ ಇರಲಿಲ್ಲ.

ಅತ್ತೆಯವರು ನನಗಿಂತ ಹಳೆಯ ಕೇಳುಗರು. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ ಆಕಾಶವಾಣಿಯಿಂದ ಸಿನಿಮಾ ಹಾಡು ಮರೆಯಾಗಿತ್ತಲ್ಲ, ಆಗ ಓಣಿಯವರೆಲ್ಲ ರೇಡಿಯೊ ಸಿಲೋನಿಗೆ ಮುಳ್ಳು ತಿರುಗಿಸಿ ಅಮೀನ್ ಸಯಾನಿಯವರ ದನಿಗೆ ಕಾದು ಕೂತದ್ದನ್ನು ಈಗಲೂ ಹೇಳುತ್ತಾರೆ. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಗಿ ಹಾಡು ಮನೆಗೆ ವಾಪಸು ಬಂತು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿದ ಲೈಸೆನ್ಸ್ ಪುಸ್ತಕ ಇನ್ನೂ ಅವರ ಟ್ರಂಕಿನಲ್ಲಿದೆ. ಈಗ ಖರ್ಚೆಂದರೆ ಸೆಲ್ಲಿನದು ಮಾತ್ರ.

ಹಿಂದಿ ಹಾಡುಗಳನ್ನು ನನ್ನ ಮಗಳಿಗೆ ಯಾರೂ ಕಲಿಸಲಿಲ್ಲ, ಆದರೂ ಅಜ್ಜಿಯ ಕಾಲದ ಹಾಡೆಲ್ಲ ಅವಳಿಗೆ ಬಾಯಿಪಾಠ. ರೇಡಿಯೊದಲ್ಲಿ ಹಾಡು ಆರಿಸುವ ಅಧಿಕಾರ ಮನೆಯಲ್ಲಿ ಯಾರ ಕೈಯಲ್ಲೂ ಇಲ್ಲ. ಬಂದದ್ದನ್ನು ಮೂವರೂ ಒಟ್ಟಿಗೆ ಕೇಳಬೇಕು. ನಡುವೆ ಎರಡು ವರ್ಷ ದುಡ್ಡು ಕೊಟ್ಟು ಒಂದು ಹಾಡಿನ ಆಪ್ ಹಾಕಿಸಿಕೊಂಡಿದ್ದೆವು. ಅವಳಿಗೆ ಅವಳ ಪಟ್ಟಿ, ನನಗೆ ನನ್ನದು, ಅತ್ತೆಗೂ ಒಂದು ಇಯರ್‌ಫೋನ್. ಒಮ್ಮೆ ಕೇಳಿದಂಥದ್ದನ್ನೇ ಆ ಆಪ್ ಮತ್ತೆ ಮತ್ತೆ ತಂದು ಸುರಿಯುತ್ತಿತ್ತು. ಆ ಎರಡು ವರ್ಷ ಮನೆಯಲ್ಲಿ ಹಾಡಿನ ಬಗ್ಗೆ ಮಾತೇ ಆಗಲಿಲ್ಲ. ನಿಲ್ಲಿಸಿದೆವು.

ಹೋದ ಮಳೆಗಾಲದ ಒಂದು ಬೆಳಿಗ್ಗೆ. ಅತ್ತೆ ಹೀರೇಕಾಯಿ ಹೆರೆಯುತ್ತಿದ್ದರು. 'ಮೇರಾ ಸಾಯಾ' (1966) ಚಿತ್ರಕ್ಕೆ ಮದನ್ ಮೋಹನ್ ಸ್ವರ ಹಾಕಿ ಲತಾ ಹಾಡಿದ 'ನೈನೋಂ ಮೇಂ ಬದರಾ ಛಾಯೇ' ಬಂತು. ಅವರ ಕೈ ನಿಂತಿತು, ಅರ್ಧ ಹೆರೆದ ಕಾಯಿ ಮಡಿಲಲ್ಲೇ ಉಳಿಯಿತು. ಕಾಲೇಜಿಗೆ ಹೊರಟು ಬಾಗಿಲಲ್ಲಿ ಷೂ ಕಟ್ಟುತ್ತಿದ್ದ ಮಗಳು, "ಅಜ್ಜೀ, ನೀ ಸಂಜೀಕ ಹಾಡ್ತಿಯಲ್ಲ, ಆ ಪದದ ಹಂಗ ಅನಸ್ತದ ಇದು" ಎಂದಳು.

"ಭೀಮಪಲಾಸ, ತಂಗಿ. ಅದೂ ಇದೇ ರಾಗದಾಗ ಅದ."

ಹಾಗೆಂದವರೇ ರೇಡಿಯೊದ ಶ್ರುತಿಗೇ ದಾಸರ ಪದ ಹಿಡಿದರು. ಮಗಳು ಒಂದೇ ಷೂನಲ್ಲಿ ಒಳಗೆ ಬಂದು ಅವರ ಪಕ್ಕ ಕೂತಳು. ಲೋಕಲ್ ತಪ್ಪಿತು, ಆವತ್ತು ನಾನು ಬೈಯಲಿಲ್ಲ.

ಈ ಕಿವಿ ಬೆಳೆಸಿದ್ದು 'ಸಂಗೀತ್ ಸರಿತಾ'. ರಾಗದ ಪರಿಚಯ ಮಾಡಿಕೊಟ್ಟು, ಅದೇ ರಾಗದ ಸಿನಿಮಾ ಹಾಡನ್ನೂ ಕೇಳಿಸುತ್ತಾರೆ. ಶಾಸ್ತ್ರೀಯ ಬೇರೆ, ಸಿನಿಮಾ ಬೇರೆ ಎಂಬ ಗೋಡೆ ನಮ್ಮ ಮನೆಯಲ್ಲಿ ಏಳಲೇ ಇಲ್ಲ. 'ಬಸಂತ್ ಬಹಾರ್' (1956) ಚಿತ್ರಕ್ಕೆ ನಮ್ಮ ಗದಗಿನ ಕಡೆಯ ಭೀಮಸೇನ ಜೋಶಿಯವರು ಮನ್ನಾ ಡೇ ಜೊತೆ ಹಾಡಿದ ಜುಗಲಬಂದಿ ಬಂದರಂತೂ ಕುಕ್ಕರ್ ಕೂಗುತ್ತಿದ್ದರೂ ಯಾರೂ ಏಳುವುದಿಲ್ಲ. ಅಂದಹಾಗೆ ವಿವಿಧ ಭಾರತಿಯ ಮೊದಲ ಹಾಡು ಹಾಡಿದವರೂ ಇದೇ ಮನ್ನಾ ಡೇ. ಬರೆದವರು ಪಂಡಿತ ನರೇಂದ್ರ ಶರ್ಮಾ, ಸಂಗೀತ ಅನಿಲ್ ಬಿಸ್ವಾಸ್ ಅವರದು.

ಸಂಜೆ ಸೈನಿಕರಿಗಾಗಿ 'ಜಯಮಾಲಾ', ಎಂಟಕ್ಕೆ ಕಿರುನಾಟಕಗಳ 'ಹವಾಮಹಲ್', ರಾತ್ರಿ ಹತ್ತಕ್ಕೆ 'ಛಾಯಾಗೀತ್'. ನನಗೆ ಅತಿ ಪ್ರಿಯವಾದದ್ದು ಕೊನೆಯದು. ಉದ್ಘೋಷಕರೇ ಹಾಡು ಆರಿಸಿ, ಒಂದರಿಂದ ಇನ್ನೊಂದಕ್ಕೆ ಮಾತಿನಲ್ಲಿ ದಾರಿ ಮಾಡುತ್ತಾರೆ. ಅಷ್ಟು ಮೆತ್ತಗಿನ ಹಿಂದಿ ನನಗೆ ಬೇರೆಲ್ಲೂ ಕೇಳಸಿಗಲಿಲ್ಲ. ಗೊರಾಯಿಯಲ್ಲಿರುವ ಅವರ ಸ್ಟುಡಿಯೊದ ಕಡೆ ರಿಕ್ಷಾದಲ್ಲಿ ಹೋದಾಗಲೆಲ್ಲ ಕೈ ಮುಗಿಯಬೇಕೆನಿಸುತ್ತದೆ.

ತೊಂದರೆ ಇರುವುದು ನನ್ನ ಸೆಟ್ಟಿನಲ್ಲಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡದ್ದು, ಮೂರು ಸಲ ರಿಪೇರಿಯಾಗಿದೆ. ದನಿಯ ತಿರುಪು ಕರಕರ ಅನ್ನುತ್ತದೆ, ಆಂಟೆನಾದ ತುದಿ ಮುರಿದಿದೆ. ಮಗಳು ರೈಲಿನಲ್ಲಿ ಪ್ರಸಾರ ಭಾರತಿಯ ಆಪ್‌ನಲ್ಲೇ ಕೇಳುತ್ತಾಳೆ.

ಸೇವೆಗೆ ಐದಕ್ಕೆ ಐದು, ಸೆಟ್ಟಿಗೆ ಮೂರು. ಹೊಸದಾಗಿ ಕೇಳುವವರಿಗೆ ಮುಂಬಯಿಯಲ್ಲಿ 102.8 ಎಫ್‌ಎಂ. ರೇಡಿಯೊ ಕಿಟಕಿಯ ಹತ್ತಿರವಿರಲಿ, ಮಿಕ್ಸರಿನಿಂದ ದೂರ. ಶುರುವಿಗೆ 'ಛಾಯಾಗೀತ್' ಸಾಕು. ಲೈಟ್ ಆರಿಸಿ ಕೇಳಿ.