ಕೇಳಿದರೂ ತಿಳಿಯದವರಿಗೆ ಒಂದು ಪಾಠಶಾಲೆ: ಬಿಬಿಸಿ ಲರ್ನಿಂಗ್ ಇಂಗ್ಲಿಷ್ ಸೇವೆಯ ವಿಮರ್ಶೆ

ಕನ್ನಡ ಮಾಧ್ಯಮದಲ್ಲಿ ಓದಿ ಪದವಿಯವರೆಗೆ ಬಂದ ಅನೇಕರಿಗೆ ಇಂಗ್ಲಿಷ್ ಪತ್ರಿಕೆಯ ಸುದ್ದಿಯನ್ನು ನಿಧಾನವಾಗಿ ಓದಿ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಅದೇ ಸುದ್ದಿಯನ್ನು ಯಾರಾದರೂ ಬಾಯಲ್ಲಿ ಹೇಳಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ನಮ್ಮ ಶಾಲೆಗಳು ಇಂಗ್ಲಿಷನ್ನು ಕಣ್ಣಿಗೆ ಕಲಿಸಿದವೇ ಹೊರತು ಕಿವಿಗೆ ಕಲಿಸಲಿಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಅದಕ್ಕೂ ಮೊದಲು ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ತಿದ್ದಲು ಕುಳಿತ ತಲೆಮಾರು ಇಂದು ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ, ಬ್ಯಾಂಕುಗಳಲ್ಲಿ ಕೆಲಸ ಮಾಡುತ್ತಿದೆ. ಇವರನ್ನು ಸೆಳೆಯುವ ಸ್ಪೋಕನ್ ಇಂಗ್ಲಿಷ್ ತರಗತಿಗಳು ಸಾಮಾನ್ಯವಾಗಿ ಟೆನ್ಸ್‌ಗಳ ಪಟ್ಟಿಯಿಂದ ಶುರುವಾಗಿ ಅದೇ ಪಟ್ಟಿಯಲ್ಲಿ ಮುಗಿಯುತ್ತವೆ. ಆ ತರಗತಿಗಳು ಬಿಟ್ಟುಬಿಡುವ ಕೆಲಸವನ್ನು ಶುಲ್ಕವಿಲ್ಲದೆ, ಸಾಕಷ್ಟು ಚೆನ್ನಾಗಿ ಮಾಡುತ್ತಿರುವ ಸೇವೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್. ಆದರೆ ಅದು ತನ್ನ ಹೆಗ್ಗಳಿಕೆಯೆಂದು ಮುಂದಿಡುವ ಸಂಗತಿ ಒಂದು, ನಮಗೆ ನಿಜವಾಗಿ ಉಪಯೋಗಕ್ಕೆ ಬರುವ ಸಂಗತಿ ಇನ್ನೊಂದು ಎಂಬುದು ನನ್ನ ಅಭಿಪ್ರಾಯ.

ಈ ಸೇವೆಯ ಮೂಲ 1943ರಲ್ಲಿ ಆರಂಭವಾದ ‘ಇಂಗ್ಲಿಷ್ ಬೈ ರೇಡಿಯೊ’ ಎಂಬ ಪ್ರಸಾರದಲ್ಲಿದೆ. ಇಂದು ವೆಬ್‌ಸೈಟ್, ಯೂಟ್ಯೂಬ್, ಪಾಡ್‌ಕಾಸ್ಟ್ ಎಂದು ಹಲವು ದಾರಿಗಳಲ್ಲಿ ಅದು ಸಿಗುತ್ತದೆಯಾದರೂ ರೇಡಿಯೊದ ಗುಣ ಅದನ್ನು ಬಿಟ್ಟುಹೋಗಿಲ್ಲ. ಇದು ಈಗಲೂ ಮುಖ್ಯವಾಗಿ ಧ್ವನಿಯನ್ನು ನಂಬಿದ ಪಾಠ.

ಇದರಲ್ಲಿ ಅತ್ಯಂತ ಜನಪ್ರಿಯವಾದದ್ದು ವಾರಕ್ಕೊಮ್ಮೆ ಬರುವ ‘6 ಮಿನಿಟ್ ಇಂಗ್ಲಿಷ್’. ಇಬ್ಬರು ನಿರೂಪಕರು ಯಾವುದಾದರೊಂದು ವಿಷಯವನ್ನು, ಉದಾಹರಣೆಗೆ ನಿದ್ರೆ, ಆಹಾರ, ಸಂಚಾರ, ಕೃತಕ ಬುದ್ಧಿಮತ್ತೆ, ಹಿಡಿದು ಹರಟುತ್ತಾರೆ. ಆರಂಭದಲ್ಲಿಯೇ ಮೂರು ಉತ್ತರಗಳ ಆಯ್ಕೆಯಿರುವ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಕೊನೆಯವರೆಗೆ ಬಾಕಿ ಇರಿಸುತ್ತಾರೆ. ನಡುವೆ ಬಿಬಿಸಿಯ ಬೇರೆ ಕಾರ್ಯಕ್ರಮಗಳಲ್ಲಿ ತಜ್ಞರು ಆಡಿದ ಮಾತಿನ ತುಣುಕುಗಳನ್ನು ಕೇಳಿಸಿ, ಅವುಗಳಲ್ಲಿ ಬಂದ ಕಠಿಣ ಪದಗಳನ್ನು ವಿವರಿಸುತ್ತಾರೆ. ಇಂಥ ಆರು ಪದಗಳನ್ನು ಕಡೆಯಲ್ಲಿ ಮತ್ತೊಮ್ಮೆ ನೆನಪಿಸಿ ಮುಗಿಸುತ್ತಾರೆ. ಕೇಳಲು ಹಿತವಾಗಿದೆ, ಬೇಸರವಾಗುವಷ್ಟು ಉದ್ದವೂ ಅಲ್ಲ.

ಆ ಆರು ಪದಗಳ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಉತ್ಸಾಹವಿಲ್ಲ. ಅವುಗಳಲ್ಲಿ ಅನೇಕವು ಬ್ರಿಟನ್ನಿನ ಮನೆಮಾತಿನ ನುಡಿಗಟ್ಟುಗಳು. ಹುಬ್ಬಳ್ಳಿಯ ಕಚೇರಿಯಿಂದ ಚೆನ್ನೈನ ಕಚೇರಿಗೆ ಫೋನ್ ಮಾಡುವವರಿಗೆ ಅವುಗಳ ಅಗತ್ಯ ಅಪರೂಪ, ಬಳಸಿದರೆ ಆ ಕಡೆಯವರಿಗೂ ತಿಳಿಯದಿರುವ ಸಾಧ್ಯತೆಯೇ ಹೆಚ್ಚು. ನೋಟ್‌ಬುಕ್ಕಿನಲ್ಲಿ ಪದಗಳನ್ನು ಬರೆದುಕೊಂಡು ಬಾಯಿಪಾಠ ಮಾಡುವ ನಮ್ಮ ಹಳೆಯ ಚಾಳಿಗೆ ಈ ಪಟ್ಟಿ ಹೇಳಿ ಮಾಡಿಸಿದಂತಿದೆ, ಆದ್ದರಿಂದಲೇ ಅದರ ಬಗ್ಗೆ ಸ್ವಲ್ಪ ಎಚ್ಚರವಿರಬೇಕು. ಕಾರ್ಯಕ್ರಮದ ನಿಜವಾದ ಸತ್ವ ಇರುವುದು ಆ ತಜ್ಞರ ಮಾತಿನ ತುಣುಕುಗಳಲ್ಲಿ. ನಿರೂಪಕರು ಕಲಿಯುವವರಿಗಾಗಿ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಮಾತನಾಡುತ್ತಾರೆ. ತಜ್ಞರಿಗೆ ಆ ದಾಕ್ಷಿಣ್ಯವಿಲ್ಲ. ಅವರು ತಡವರಿಸುತ್ತಾರೆ, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಬೇರೆ ವಾಕ್ಯ ಹಿಡಿಯುತ್ತಾರೆ, ಕೆಲವು ಪದಗಳನ್ನು ನುಂಗಿಯೇಬಿಡುತ್ತಾರೆ. ಅರ್ಧ ನಿಮಿಷವೂ ಇರದ ಆ ತುಣುಕನ್ನು ಕಣ್ಣುಮುಚ್ಚಿ ಕೇಳಿ, ಕೇಳಿದ್ದನ್ನು ಕಾಗದದ ಮೇಲೆ ಬರೆದು, ಆಮೇಲೆ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುವ ಟ್ರಾನ್ಸ್‌ಕ್ರಿಪ್ಟ್ (ಆಡಿದ ಮಾತಿನ ಬರಹರೂಪ) ಜೊತೆ ಹೋಲಿಸಿ ನೋಡಿದರೆ, ತನ್ನ ಕಿವಿ ಎಲ್ಲೆಲ್ಲಿ ಸೋಲುತ್ತಿದೆ ಎಂಬುದು ಪ್ರತಿಯೊಬ್ಬರಿಗೂ ತಾನಾಗಿಯೇ ಕಾಣುತ್ತದೆ. ತಪ್ಪುವುದು ಹೆಚ್ಚಾಗಿ ಕಠಿಣ ಪದಗಳಲ್ಲ. ‘ಆಫ್’, ‘ಟು’, ‘ಹ್ಯಾವ್’, ‘ದೆಮ್’ ಮುಂತಾದ, ಮೂರನೆಯ ತರಗತಿಯ ಮಗುವಿಗೂ ಗೊತ್ತಿರುವ ಪದಗಳು. ಒಂದು ಮಾತು: ಟ್ರಾನ್ಸ್‌ಕ್ರಿಪ್ಟಿನ ಮೇಲ್ಭಾಗದಲ್ಲಿಯೇ, ಇದು ಆಡಿದ ಮಾತಿನ ಅಕ್ಷರಶಃ ದಾಖಲೆಯಲ್ಲ ಎಂದು ಬರೆದಿರುತ್ತಾರೆ. ಅಲ್ಲಲ್ಲಿ ಒಂದೆರಡು ಪದ ಹೆಚ್ಚು ಕಡಿಮೆ ಆಗಿದ್ದರೆ ಕಿವಿಯನ್ನೇ ದೂರಬೇಕಾಗಿಲ್ಲ.

ಈ ಸಣ್ಣ ಪದಗಳು ಏಕೆ ಕೇಳಿಸುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಇದೇ ಸೇವೆಯ ‘ಟಿಮ್ಸ್ ಪ್ರೊನನ್ಸಿಯೇಷನ್ ವರ್ಕ್‌ಶಾಪ್’ ಎಂಬ ಸಣ್ಣ ವಿಡಿಯೊಗಳ ಸರಣಿಯಲ್ಲಿದೆ. ‘6 ಮಿನಿಟ್ ಇಂಗ್ಲಿಷ್’ನ ಜನಪ್ರಿಯತೆ ಇದಕ್ಕಿಲ್ಲ, ಆದರೆ ಇಡೀ ವೆಬ್‌ಸೈಟಿನಲ್ಲಿ ಕನ್ನಡಿಗರಿಗೆ ಅತ್ಯಂತ ಲಾಭದಾಯಕವಾದದ್ದು ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ. ಲಂಡನ್ನಿನ ಬೀದಿಯಲ್ಲಿ ಸಿಕ್ಕವರ ಮಾತನ್ನು ದಾಖಲಿಸಿ, ಒಂದು ಪದ ಇನ್ನೊಂದು ಪದಕ್ಕೆ ತಗುಲಿದಾಗ ಏನಾಗುತ್ತದೆ ಎಂಬುದನ್ನು ನಿರೂಪಕ ಬಿಡಿಸಿ ತೋರಿಸುತ್ತಾನೆ. ಪ್ರೌಢಶಾಲೆಯಲ್ಲಿ ಸಂಧಿ ಪ್ರಕರಣ ಓದಿದವರಿಗೆ ಇದು ಹೊಸ ವಿದ್ಯೆ ಅನ್ನಿಸುವುದಿಲ್ಲ. ‘ಗುರು’ವಿಗೆ ‘ಅನ್ನು’ ಸೇರಿ ‘ಗುರುವನ್ನು’ ಆಗುವಂತೆ ‘ಗೋ ಆನ್’ ಎಂಬುದು ಮಾತಿನಲ್ಲಿ ‘ಗೋವಾನ್’ ಆಗುತ್ತದೆ. ‘ಮನೆ’ಗೆ ‘ಅನ್ನು’ ಸೇರಿ ‘ಮನೆಯನ್ನು’ ಆಗುವಂತೆ ‘ಐ ಆಮ್’ ಎಂಬುದು ‘ಐಯಾಮ್’ ಆಗುತ್ತದೆ. ಇವು ನಮ್ಮ ವಕಾರಾಗಮ, ಯಕಾರಾಗಮಗಳೇ. ‘ನೆಕ್ಸ್ಟ್ ಡೇ’ ಎಂಬಲ್ಲಿ ನಡುವಿನ ‘ಟ್’ ಬಿದ್ದು ‘ನೆಕ್ಸ್ ಡೇ’ ಎಂದಾಗುವುದು ಲೋಪ, ನಮ್ಮಲ್ಲಿ ಬೀಳುವುದು ಸ್ವರ, ಅವರಲ್ಲಿ ವ್ಯಂಜನ ಎಂಬುದಷ್ಟೇ ವ್ಯತ್ಯಾಸ. ‘ಟೆನ್ ಪೌಂಡ್ಸ್’ ಎಂಬುದು ‘ಟೆಮ್ ಪೌಂಡ್ಸ್’ ಎಂದು ಕೇಳಿಸುವುದು ಹೆಚ್ಚು ಕಡಿಮೆ ಆದೇಶದ ಬಗೆ. ನಮ್ಮ ವ್ಯಾಕರಣದಲ್ಲಿ ಹೋಲಿಕೆ ಸಿಗದ ಒಂದು ವಿಚಿತ್ರವೂ ಇದೆ: ‘ಲಾ ಅಂಡ್ ಆರ್ಡರ್’ ಎನ್ನುವಾಗ ಅನೇಕ ಬ್ರಿಟಿಷರು ‘ಲಾ’ ಮತ್ತು ‘ಅಂಡ್’ ನಡುವೆ, ಬರಹದಲ್ಲಿ ಎಲ್ಲಿಯೂ ಇಲ್ಲದ ಒಂದು ‘ರ್’ ಸೇರಿಸುತ್ತಾರೆ. ಹಾಗೆ ಸೇರಿಸುತ್ತಾರೆಂದು ಗೊತ್ತಿಲ್ಲದವರು ಎಷ್ಟು ಸಲ ಕೇಳಿದರೂ ಅಲ್ಲಿ ಯಾವುದೋ ಬೇರೆ ಪದವನ್ನೇ ಹುಡುಕುತ್ತಿರುತ್ತಾರೆ.

ಇದರ ಜೊತೆಗೆ ಲಯದ ತೊಡಕೂ ಇದೆ. ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರ ಪಾಲಿನ ಕಾಲ ಸಿಗುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರ ಎದ್ದು ನಿಂತು, ಉಳಿದವು ಮುದುರಿಕೊಳ್ಳುತ್ತವೆ. ನಾವು ‘ಕಂಫರ್ಟಬಲ್’ ಎಂದು ತುಂಬು ಬಾಯಲ್ಲಿ ಹೇಳುವುದನ್ನು ಅವರು ‘ಕಂಫ್ಟಬಲ್’ ಎಂದು ಮುಗಿಸುತ್ತಾರೆ. ನಾವು ಅವರಂತೆಯೇ ಮಾತನಾಡಬೇಕೆಂದು ನಾನು ಹೇಳುತ್ತಿಲ್ಲ, ಅದರ ಅಗತ್ಯವೂ ಇಲ್ಲ. ನಮ್ಮ ಉಚ್ಚಾರಣೆಯ ಇಂಗ್ಲಿಷ್ ನಮ್ಮ ದೇಶದಲ್ಲೆಲ್ಲ ಚೆನ್ನಾಗಿಯೇ ನಡೆಯುತ್ತದೆ. ಆದರೆ ಅವರು ಹಾಗೆ ಹೇಳಿದಾಗ ಗುರುತಿಸುವ ಶಕ್ತಿ ಬೇಕು, ಅದು ಈ ವಿಡಿಯೊಗಳಿಂದ ಬರುತ್ತದೆ.

ಇನ್ನು ಕೊರತೆಗಳು. ಮೊದಲನೆಯದು, ನಮ್ಮ ತಪ್ಪುಗಳು ಈ ಸೇವೆಗೆ ಗೊತ್ತಿಲ್ಲ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎನ್ನುವುದು, ‘ಬಗ್ಗೆ ಚರ್ಚಿಸು’ ಎಂಬ ಅಭ್ಯಾಸದಿಂದ ‘ಡಿಸ್ಕಸ್ ಅಬೌಟ್’ ಎನ್ನುವುದು, ‘ಎ’ ಮತ್ತು ‘ದಿ’ ಎಲ್ಲಿ ಬೇಕು ಎಲ್ಲಿ ಬೇಡ ಎಂದು ತಿಳಿಯದೆ ಎರಡನ್ನೂ ಬಿಟ್ಟುಬಿಡುವುದು, ಇವೆಲ್ಲ ಕನ್ನಡದಿಂದ ಬಂದವರು ಎಡವುವ ಜಾಗಗಳು. ವ್ಯಾಕರಣಕ್ಕೆಂದು ‘6 ಮಿನಿಟ್ ಗ್ರಾಮರ್’ ಎಂಬ ಹಳೆಯ ಸರಣಿಯೇನೋ ಇದೆ, ಆದರೆ ಅದು ಜಗತ್ತಿನ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಲಿದ ಅಂಗಿ. ಕನ್ನಡ ಬಲ್ಲ ಒಳ್ಳೆಯ ಶಿಕ್ಷಕರು ಒಂದು ಗಂಟೆಯಲ್ಲಿ ಬಿಡಿಸಿ ಹೇಳಬಲ್ಲ ವಿಷಯ ಅಲ್ಲಿ ಹತ್ತು ಪಾಠಗಳಲ್ಲಿಯೂ ಸಿಗುವುದಿಲ್ಲ. ಬಿಬಿಸಿ 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿಗಳಲ್ಲಿ ಸುದ್ದಿಸೇವೆ ಆರಂಭಿಸಿದಾಗಲೂ ಕನ್ನಡವನ್ನು ಸೇರಿಸಿಕೊಂಡಿರಲಿಲ್ಲ. ಹೀಗಿರುವಾಗ ಕನ್ನಡಿಗರ ತೊಡಕುಗಳನ್ನು ಗಮನದಲ್ಲಿಟ್ಟ ಪಾಠವನ್ನು ಅಲ್ಲಿಂದ ನಿರೀಕ್ಷಿಸುವುದು ದೂರದ ಮಾತು.

ಎರಡನೆಯದು, ಇಲ್ಲಿ ಮಾತನಾಡಲು ಎದುರಿಗೆ ಯಾರೂ ಇಲ್ಲ. ಕೇಳಿದ ವಾಕ್ಯವನ್ನು ನಿರೂಪಕರ ಬೆನ್ನಿಗೇ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬಹುದು, ಮಾಡಲೂಬೇಕು. ಆದರೆ ತಪ್ಪಿದಾಗ ತಿದ್ದುವವರಿಲ್ಲ. ಸಂದರ್ಶನಕ್ಕೆ ಸಿದ್ಧರಾಗುತ್ತಿರುವವರು ಇದನ್ನೊಂದನ್ನೇ ನೆಚ್ಚಿಕೊಂಡರೆ ನಿರಾಶರಾಗುತ್ತಾರೆ. ವೆಬ್‌ಸೈಟಿನಲ್ಲಿ ಹಳೆಯ ಮತ್ತು ಹೊಸ ಸರಣಿಗಳು ರಾಶಿ ಬಿದ್ದಿದ್ದು, ಹೊಸಬರಿಗೆ ಎಲ್ಲಿಂದ ಆರಂಭಿಸಬೇಕೆಂಬುದು ಬೇಗ ತಿಳಿಯುವುದಿಲ್ಲ ಎಂಬ ದೂರೂ ನನ್ನದಿದೆ.

ಅಮೆರಿಕದ ಉಚ್ಚಾರಣೆ ಬೇಕಾದವರು ಹಿಂದೆ ಅಲ್ಲಿನ ಸರ್ಕಾರದ ಹಣದಿಂದ ನಡೆಯುವ ಪ್ರಸಾರ ಸಂಸ್ಥೆಯಾದ ವಾಯ್ಸ್ ಆಫ್ ಅಮೆರಿಕದ ಕಡೆಗೆ ಹೋಗುತ್ತಿದ್ದರು. ಅದು 1959ರಲ್ಲಿ ಆರಂಭಿಸಿದ ‘ಸ್ಪೆಷಲ್ ಇಂಗ್ಲಿಷ್’ ಸುಮಾರು 1500 ಪದಗಳ ಮಿತಿಯಲ್ಲಿ, ನಿಧಾನವಾದ ವೇಗದಲ್ಲಿ ಸುದ್ದಿ ಓದುತ್ತಿತ್ತು. ತೀರ ಹೊಸಬರಿಗೆ ಅದು ಬಿಬಿಸಿಗಿಂತ ಸುಲಭವಾಗಿತ್ತು ಎಂಬುದನ್ನು ಒಪ್ಪಬೇಕು. 2025ರ ಮಾರ್ಚ್‌ನಲ್ಲಿ ಆ ಸಂಸ್ಥೆಯ ಬಹುಪಾಲು ಸಿಬ್ಬಂದಿಯನ್ನು ರಜೆಯ ಮೇಲೆ ಕಳುಹಿಸಿದ ಮೇಲೆ ಆ ದಾರಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಯಾರಿಗೆ ಇದು ತಕ್ಕದ್ದು ಎಂದರೆ, ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪಠ್ಯವನ್ನು ಗೈಡ್ ಇಲ್ಲದೆ ಓದಬಲ್ಲವರಿಗೆ. ಅದಕ್ಕಿಂತ ಕೆಳಗಿನ ಮಟ್ಟದವರಿಗೆ ‘6 ಮಿನಿಟ್ ಇಂಗ್ಲಿಷ್’ ಕೇವಲ ಗದ್ದಲವಾಗಿ ಕೇಳಿಸಬಹುದು. ಅವರು ಇದೇ ಸೇವೆಯ ‘ರಿಯಲ್ ಈಸಿ ಇಂಗ್ಲಿಷ್’ ಎಂಬ, ಇಬ್ಬರು ಸರಳ ಪದಗಳಲ್ಲಿ ನಿತ್ಯದ ವಿಷಯಗಳನ್ನು ಮಾತನಾಡಿಕೊಳ್ಳುವ ಕಾರ್ಯಕ್ರಮದಿಂದ ಆರಂಭಿಸುವುದು ಒಳ್ಳೆಯದು. ಮೊಬೈಲ್ ಡೇಟಾ ಉಳಿಸಬೇಕಾದವರು ವಿಡಿಯೊ ಬಿಟ್ಟು ಆಡಿಯೊವನ್ನಷ್ಟೇ ಇಳಿಸಿಕೊಳ್ಳಬಹುದು, ಪಾಠಕ್ಕೆ ಅದರಿಂದ ಯಾವ ನಷ್ಟವೂ ಇಲ್ಲ. ಟ್ರಾನ್ಸ್‌ಕ್ರಿಪ್ಟನ್ನು ಮಾತ್ರ ಮೊಬೈಲಿನ ಪರದೆಯಲ್ಲಿ ನೋಡುವುದಕ್ಕಿಂತ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ಮೊದಲ ಬಾರಿ ಕೇಳುವಾಗ ಅದನ್ನು ಮಗುಚಿ ಇಡುವುದು ಸುಲಭ, ಕಿವಿಗೆ ತಪ್ಪಿಹೋದ ಪದಗಳ ಕೆಳಗೆ ಗೆರೆ ಎಳೆಯುವುದೂ ಸುಲಭ.