ಕಣ್ಣಿನ ಶಿಬಿರದ ‘ನಾರ್ಮಲ್’ ಹಾಳೆಯನ್ನು ನಂಬುವ ಮೊದಲು

ಪುಣೆ, ಪಿಂಪ್ರಿ-ಚಿಂಚವಡದ ಸೊಸೈಟಿಗಳಲ್ಲಿ ನಡೆಯುವ ಉಚಿತ ಕಣ್ಣಿನ ಶಿಬಿರಗಳಿಗೆ ಹಿರಿಯರನ್ನು ಕರೆದೊಯ್ಯುವವರು ದಯವಿಟ್ಟು ಓದಿ. ಶಿಬಿರಗಳ ಮೇಲೆ ನನಗೆ ದ್ವೇಷವಿಲ್ಲ. ವೈದ್ಯರೇ ಇಲ್ಲದೆ ಅಲ್ಲಿ ಕೈಗೆ ಬರುವ ವರದಿಯ ಮೇಲೆ ತಕರಾರಿದೆ.

ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ ಹಳೆಯದು. ಒಂದು ತಪಾಸಣಾ ಕೇಂದ್ರದವರು ಬಂದು ಕಣ್ಣಿನೊಳಗಿನ ಚಿತ್ರ ತೆಗೆದರು, ಕೃತಕ ಬುದ್ಧಿಮತ್ತೆಯ ತಂತ್ರಾಂಶ ಅಲ್ಲೇ ವರದಿ ಕೊಟ್ಟಿತು. ‘ಆಜಿ, ಡೋಳೆ ಛಾನ್ ಆಹೇತ್’ ಎಂದ ಕ್ಯಾಮೆರಾದ ಹುಡುಗ. ಕಣ್ಣು ಚೆನ್ನಾಗಿದೆ ಎಂದ ಮೇಲೆ ಯಾರು ತಾನೇ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ? ಮರುವರ್ಷ ಬದಿಯಿಂದ ಬಂದವರು ಅವಳಿಗೆ ಕಾಣದಾದಾಗ ನೇತ್ರತಜ್ಞರ ಬಳಿ ಹೋದೆವು. ಗ್ಲಾಕೋಮಾ. ಎಡಗಣ್ಣಿನ ಅಂಚಿನ ದೃಷ್ಟಿ ಹೋಗಿತ್ತು. ಹೋದದ್ದು ಮರಳುವುದಿಲ್ಲ, ಔಷಧಿ ಉಳಿದದ್ದನ್ನು ಕಾಯಬಲ್ಲದು, ಅಷ್ಟೇ.

ತಂತ್ರಾಂಶ ಸುಳ್ಳು ಹೇಳಿರಲಿಲ್ಲ. ಸಿಟ್ಟು ಬರುವುದೇ ಅದಕ್ಕೆ. ಅದು ಹುಡುಕುವುದು ಡಯಾಬಿಟಿಕ್ ರೆಟಿನೋಪತಿಯನ್ನು, ಅಂದರೆ ಸಕ್ಕರೆಯಿಂದ ಅಕ್ಷಿಪಟಲದ ರಕ್ತನಾಳಗಳಿಗಾಗುವ ಹಾನಿಯನ್ನು ಮಾತ್ರ. ಗ್ಲಾಕೋಮಾ ಕೆಡಿಸುವುದು ದೃಷ್ಟಿನರವನ್ನು. ಅದಕ್ಕೆ ಕಣ್ಣಿನ ಒತ್ತಡ ಅಳೆಯಬೇಕು, ನರವನ್ನು ನೋಡಬೇಕು, ದೃಷ್ಟಿಕ್ಷೇತ್ರ ಪರೀಕ್ಷಿಸಬೇಕು. ಈ ಮಿತಿ ವರದಿಯ ತಳದಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ವೈದ್ಯರ ಸಹಿ ಇರಬೇಕಾದ ಜಾಗದಲ್ಲಿ, ಇದು ಕಂಪ್ಯೂಟರ್ ವರದಿ, ಸಹಿ ಬೇಕಿಲ್ಲ ಎಂದಿತ್ತು.

ಆ ಸಾಲಿನ ಬೆಲೆ ಆಮೇಲೆ ತಿಳಿಯಿತು. ಹೋಲಿಸಿ ನೋಡಲು ತಜ್ಞರು ಹಳೆಯ ಚಿತ್ರಗಳನ್ನು ಕೇಳಿದರು. ಕೇಂದ್ರದವರು ಚಿತ್ರಗಳು ತಂತ್ರಾಂಶದ ಕಂಪನಿಯ ಬಳಿ ಇವೆ ಎಂದರು. ಕಂಪನಿಯವರು ಕೇಂದ್ರವನ್ನೇ ಕೇಳಿ ಎಂದರು. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ದಾಖಲೆ ಪಡೆಯುವ ಹಕ್ಕನ್ನು ಬಾಂಬೆ ಹೈಕೋರ್ಟ್ 1996ರಲ್ಲೇ ಎತ್ತಿಹಿಡಿದಿದೆ. ಆದರೆ ಆ ನಿಯಮಾವಳಿ ಕಟ್ಟಿಹಾಕುವುದು ನೋಂದಾಯಿತ ವೈದ್ಯರನ್ನು. ವೈದ್ಯರೇ ಇಲ್ಲದ ವರದಿಗೆ ಪರಿಷತ್ತು ಯಾರನ್ನು ಕರೆದು ಕೇಳಬೇಕು? ಕೃತಕ ಬುದ್ಧಿಮತ್ತೆಯ ಮೇಲೆ ಮನುಷ್ಯರ ಮೇಲ್ವಿಚಾರಣೆ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಮಾರ್ಗಸೂಚಿಗೆ ಕಾಯ್ದೆಯ ಹಲ್ಲಿಲ್ಲ. ನಮಗೆ ಉಳಿದದ್ದು 2019ರ ಗ್ರಾಹಕ ರಕ್ಷಣಾ ಕಾಯ್ದೆ. ಉಚಿತ ಸೇವೆ ಪಡೆದವರು ಗ್ರಾಹಕರೇ ಅಲ್ಲ ಎಂದು ಎದುರಿನವರು ವಾದಿಸಬಹುದೆಂದು ವಕೀಲರು ಮೊದಲೇ ಹೇಳಿದರು. ಆದರೂ ನೋಟಿಸು ಹೋದ ಮೇಲೆಯೇ ಚಿತ್ರಗಳು ಬಂದದ್ದು.

ಇನ್ನು ಒಪ್ಪಿಗೆ. ‘ಅಜ್ಜಿ ಒಪ್ಪಿದ್ದಾರಲ್ಲ’ ಎಂದು ಕಂಪನಿಯವರು ಟ್ಯಾಬ್ಲೆಟ್ಟಿನ ಪುಟವೊಂದನ್ನು ಕಳಿಸಿದರು. ಇಂಗ್ಲಿಷ್ ಮತ್ತು ಮರಾಠಿ, ಒಂದೇ ಗುರುತಿನಲ್ಲಿ ತಪಾಸಣೆಗೂ ಒಪ್ಪಿಗೆ, ಚಿತ್ರ ಬಳಸಿ ತಂತ್ರಾಂಶವನ್ನು ತರಬೇತಿಗೊಳಿಸಲೂ ಒಪ್ಪಿಗೆ. ಅವ್ವ ಓದಬಲ್ಲದ್ದು ಕನ್ನಡವೊಂದನ್ನೇ. ಖಾಸಗಿತನ ಸಂವಿಧಾನದ 21ನೆಯ ವಿಧಿಯಡಿ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಈಗ ಹಂತಹಂತವಾಗಿ ಜಾರಿಯಾಗುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕು. ಕನ್ನಡ ಅವುಗಳಲ್ಲೊಂದು, ಕೇಳುವವರು ಪುಣೆಯಲ್ಲಿದ್ದರೂ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂಪಡೆಯುವಂತೆಯೂ ಇರಬೇಕು.

ಹಾಗಾಗಿ ಕ್ಯಾಮೆರಾದ ಮುಂದೆ ಕೂರುವ ಮೊದಲೇ ಕೇಳಿ: ಇದು ಯಾವ ಕಾಯಿಲೆಯನ್ನು ಹುಡುಕುತ್ತದೆ, ಯಾವುದನ್ನು ಹುಡುಕುವುದಿಲ್ಲ, ಯಾವ ವೈದ್ಯರು ನೋಂದಣಿ ಸಂಖ್ಯೆಯೊಂದಿಗೆ ಸಹಿ ಹಾಕುತ್ತಾರೆ. ಚಿತ್ರಗಳನ್ನು ಅಲ್ಲೇ ನಿಮ್ಮ ಮೊಬೈಲಿಗೆ ಹಾಕಿಸಿಕೊಳ್ಳಿ. ತರಬೇತಿಯ ಒಪ್ಪಿಗೆ ಬೇರೆ ಇಲ್ಲದಿದ್ದರೆ ಗುರುತು ಹಾಕಬೇಡಿ. ಸಕ್ಕರೆ ಇರುವವರ ಕಣ್ಣನ್ನು ವರ್ಷಕ್ಕೊಮ್ಮೆ ನೇತ್ರತಜ್ಞರಿಗೇ ತೋರಿಸಿ, ಒತ್ತಡವನ್ನೂ ಅಳೆಯಿಸಿ. ಅವ್ವನ ಚಿತ್ರಗಳನ್ನು ಅಳಿಸಿ ಎಂದು ಕಂಪನಿಗೆ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.